ಜಿಟಿಒ ಕಾರ್ಬುರೇಟರ್ ಹುಡುಕಿಕೊಂಡು: ಅಪ್ಪಾಜಿ ಜೊತೆ ಪೆನ್ಸಿಲ್ವೇನಿಯಾದಲ್ಲಿ ಏಳು ದಿನ

ಮೊದಲನೇ ದಿನ, ಗುರುವಾರ

ಬೆಳಗ್ಗೆ ಐದೂವರೆಗೆ ಮಿಶಿಗನ್‌ನ ಟ್ರಾಯ್‌ನಿಂದ ಹೊರಟೆವು. ನಾನು, ಅಪ್ಪಾಜಿ ಇಬ್ಬರೇ. ವ್ಯಾನಿನ ಹಿಂದಿನ ಸೀಟು ಬಿಚ್ಚಿಟ್ಟು ಹಳೇ ಕಂಬಳಿ ಹಾಸಿದ್ದೆ, ಸಿಕ್ಕ ಪಾರ್ಟುಗಳು ಉರುಳಬಾರದು ಅಂತ. ಅಮ್ಮ ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಿದ್ದರು. ಅಪ್ಪಾಜಿ ಜೇಬಿನಲ್ಲಿ ಒಂದು ಸಣ್ಣ ಟಾರ್ಚು, ಒಂದು ಭೂತಗನ್ನಡಿ, ಒಂದು ಹಳೇ ಹಲ್ಲುಜ್ಜೋ ಬ್ರಶ್ಶು. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನಲವತ್ತು ವರ್ಷ ಲಾರಿ ಗ್ಯಾರೇಜು ನಡೆಸಿದವರು ಅವರು. ಗುಜರಿಗೆ ಹೋಗುವಾಗ ಈ ಮೂರು ಇರಲೇಬೇಕು ಅನ್ನೋದು ಅವರ ಪದ್ಧತಿ.

ನಮ್ಮ ಮನೆಯ ಗ್ಯಾರೇಜಿನಲ್ಲಿ ಮೂರು ವರ್ಷದಿಂದ 1967ರ ಪಾಂಟಿಯಾಕ್ ಜಿಟಿಒ ನಿಂತಿದೆ. ಈ ಸಲ ಅಪ್ಪಾಜಿ, ಅಮ್ಮ ಆರು ತಿಂಗಳಿಗೆ ಬಂದಾಗ, ಲಗೇಜು ಇಳಿಸುವ ಮೊದಲೇ ಅಪ್ಪಾಜಿ ಅದರ ಬಾನೆಟ್ ಎತ್ತಿಸಿದ್ದರು. ಅವತ್ತಿನಿಂದ ನಾವಿಬ್ಬರೂ ಅದನ್ನು ಕಂಪನಿಯಿಂದ ಬಂದಾಗ ಇದ್ದ ಹಾಗೇ ಮಾಡಬೇಕು ಅಂತ ಅದರ ಹಿಂದೆಯೇ ಇದ್ದೇವೆ.

ದಾರಿಯಲ್ಲಿ ಅವರಿಗೆ ಜಿಟಿಒ ಕಥೆ ಪೂರ್ತಿ ಹೇಳಿದೆ. 1964ಕ್ಕೆ ಮುಂಚೆ, ಪಾಂಟಿಯಾಕ್ ಬ್ರಾಂಡಿನ ಒಡೆಯರಾದ ಜನರಲ್ ಮೋಟಾರ್ಸ್‌ನಲ್ಲಿ ಒಂದು ನಿಯಮ ಇತ್ತು. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕುವ ಹಾಗಿಲ್ಲ. ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್, ಅವರ ಜೊತೆಗಿದ್ದ ಬಿಲ್ ಕಾಲಿನ್ಸ್, ರಸೆಲ್ ಗೀ ಸೇರಿ ಟೆಂಪೆಸ್ಟ್ ಅನ್ನೋ ಹಗುರ ಕಾರಿಗೆ ದೊಡ್ಡ ಕಾರಿನ 389 ಎಂಜಿನ್ ಕೂರಿಸಿದರು. ಹೊಸ ಮಾಡೆಲ್ ಅಂತ ತೋರಿಸಲಿಲ್ಲ. ಬೇಕಾದವರು ಹಾಕಿಸಿಕೊಳ್ಳುವ ಒಂದು ಆಪ್ಷನ್ ಅಂತ ಪಟ್ಟಿಗೆ ಸೇರಿಸಿದರು. ಐದು ಸಾವಿರ ಹೋದರೆ ಸಾಕು ಅಂದುಕೊಂಡಿದ್ದರು. ಮೊದಲ ವರ್ಷವೇ 32,450 ಹೋದವು. ಹಗುರ ಮೈ, ದೊಡ್ಡ ಎಂಜಿನ್, ಹುಡುಗರ ಕೈಗೆಟುಕುವ ಬೆಲೆ. ಅಲ್ಲಿಂದ ಮಸಲ್ ಕಾರುಗಳ ಸಾಲೇ ಶುರುವಾಯಿತು.

ನಮ್ಮದು 400 ಕ್ಯೂಬಿಕ್ ಇಂಚು, 335 ಅಶ್ವಶಕ್ತಿ, ನಾಲ್ಕು ಗೇರಿನ ಮ್ಯಾನ್ಯುಯಲ್. ಎಂಜಿನ್ ಬ್ಲಾಕ್, ಅಂದರೆ ಎಂಜಿನ್ನಿನ ಮುಖ್ಯ ಮೈ, ಕಾರಿನ ಜೊತೆ ಬಂದದ್ದೇ. ಆದರೆ ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಕಾರ್ಬುರೇಟರನ್ನು ಮಧ್ಯದಲ್ಲಿ ಯಾರೋ ಬದಲಾಯಿಸಿದ್ದಾರೆ. ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಬೇರೆ ವರ್ಷದ್ದು. ಎಂಜಿನ್ನಿನ ಮುಂದೆ ಟೈಮಿಂಗ್ ಗೇರುಗಳನ್ನು ಮುಚ್ಚುವ ಟೈಮಿಂಗ್ ಕವರ್ ಅಲ್ಯೂಮಿನಿಯಂ, ನೀರು ಹರಿಯುವ ಕಡೆ ತಿಂದು ಹೋಗಿ ತೂತಾಗಿದೆ. ಈ ಮೂರಕ್ಕಾಗಿ ಈ ಪ್ರಯಾಣ. ಮೊದಲು ಕಾರ್ಲೈಲ್, ಆಮೇಲೆ ಹರ್ಷಿ. ವರ್ಷಕ್ಕೊಮ್ಮೆ ಈ ಎರಡು ಊರಿನ ಹಳೇ ಪಾರ್ಟ್ ಸಂತೆಗಳು ಅಕ್ಕಪಕ್ಕದ ವಾರಗಳಲ್ಲಿ ಬರುತ್ತವೆ.

ಓಹಾಯೋ ಟರ್ನ್‌ಪೈಕ್ ಅನ್ನೋ ಟೋಲ್ ಹೆದ್ದಾರಿ ಪೂರ್ತಿ ಚಪ್ಪಟೆ. ಜೋಳದ ಹೊಲ, ಸೋಯಾ ಹೊಲ, ಅಷ್ಟೇ. ಮಧ್ಯಾಹ್ನ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ನಿಂತೆವು. 1976ರ ಗುಡಿ, ಗುಡ್ಡದ ಇಳಿಜಾರಿನಲ್ಲಿ ಬೆಳ್ಳಗೆ ಕಾಣುತ್ತದೆ. ಪುಳಿಯೋಗರೆ, ಮೊಸರನ್ನ ತಿಂದು ಮತ್ತೆ ರಸ್ತೆಗಿಳಿದೆವು.

ಅಲ್ಲಿಂದ ಮುಂದಿನ ರಸ್ತೆ ನನಗೆ ತುಂಬ ಇಷ್ಟ. ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಮೊದಲು ತೆರೆದದ್ದು 1940ರ ಅಕ್ಟೋಬರ್ 1ರಂದು, ಅರ್ವಿನ್‌ನಿಂದ ಕಾರ್ಲೈಲ್‌ವರೆಗೆ, 160 ಮೈಲಿ. ಸಿಗ್ನಲ್ ಇಲ್ಲ, ಅಡ್ಡರಸ್ತೆ ಇಲ್ಲ. ಬೆಟ್ಟ ಬಂದರೆ ಸುರಂಗ. ಅಲಿಗೇನಿ, ಟಸ್ಕರೋರಾ, ಕಿಟಟಿನ್ನಿ, ಬ್ಲೂ ಮೌಂಟನ್ ಅಂತ ನಾಲ್ಕು ಸಿಕ್ಕವು. ಕೊನೆಯ ಎರಡು ಎಷ್ಟು ಹತ್ತಿರ ಅಂದರೆ, ಒಂದರಿಂದ ಹೊರಗೆ ಬಂದು ಎಲೆಗಳ ಕೆಂಪು ನೋಡುವಷ್ಟರಲ್ಲಿ ಇನ್ನೊಂದರ ಒಳಗೆ ಇರುತ್ತೇವೆ. ಈ ರಸ್ತೆಗೆ ಬಳಸಿದ ಸುರಂಗಗಳಲ್ಲಿ ಬಹುಪಾಲನ್ನು 1880ರ ದಶಕದಲ್ಲೇ ಒಂದು ರೈಲು ದಾರಿಗಾಗಿ ತೋಡಲು ಶುರುಮಾಡಿ ಅರ್ಧಕ್ಕೆ ಬಿಟ್ಟಿದ್ದರು ಅಂತ ಹೇಳಿದೆ. "ಅರ್ಧ ಕೆಲಸ ಅಂತ ಮುಚ್ಚಲಿಲ್ಲ ನೋಡು, ಇಟ್ಟುಕೊಂಡಿದ್ದರು" ಅಂದರು ಅಪ್ಪಾಜಿ. ಅವರಿಗೆ ಅದು ಬಹಳ ಹಿಡಿಸಿತು.

ಎರಡನೇ ದಿನ

ಕಾರ್ಲೈಲ್ ಮೈದಾನ 82 ಎಕರೆ. 1974ರಲ್ಲಿ ಬಿಲ್ ಮಿಲ್ಲರ್, ಚಿಪ್ ಮಿಲ್ಲರ್ ಅನ್ನೋ ಇಬ್ಬರು ಗೆಳೆಯರು ಶುರುಮಾಡಿದ್ದು. ಎರಡನೇ ಮಹಾಯುದ್ಧದ ನಂತರದ ಕಾರುಗಳಿಗೂ ಒಂದು ಜಾಗ ಇರಲಿ ಅನ್ನೋದು ಅವರ ಆಸೆ. ಅದಕ್ಕೇ ನನ್ನಂಥ ಮಸಲ್ ಕಾರಿನವರಿಗೆ ಹರ್ಷಿಗಿಂತ ಇಲ್ಲೇ ಜಾಸ್ತಿ ಸಿಗೋದು.

ಏಳು ಗಂಟೆಗೇ ಒಳಗೆ ಹೋದೆವು. ಸಾಲು ಸಾಲು ಟಾರ್ಪಾಲು. ಅದರ ಮೇಲೆ ಬಂಪರ್, ಗ್ರಿಲ್, ರೇಡಿಯೇಟರ್, ಡಬ್ಬಗಳ ತುಂಬ ನಾಬುಗಳು. ಅಪ್ಪಾಜಿ ಎರಡು ನಿಮಿಷ ಸುಮ್ನೆ ನಿಂತರು. "ಜೆ.ಸಿ. ರೋಡನ್ನ ತಂದು ಬಯಲಿಗೆ ಸುರಿದಂಗೈತಲ್ಲೋ" ಅಂದರು. ಬೆಂಗಳೂರಿನ ಜೆ.ಸಿ. ರೋಡಿಗೆ ತಿಂಗಳಿಗೆರಡು ಸಲ ರಾತ್ರಿ ಬಸ್ಸಿನಲ್ಲಿ ಹೋಗಿ ಸ್ಪೇರ್ ತರುತ್ತಿದ್ದವರು ಅವರು.

ಮಧ್ಯಾಹ್ನದ ಹೊತ್ತಿಗೆ ಒಂದು ಟೈಮಿಂಗ್ ಕವರ್ ಸಿಕ್ಕಿತು. ಚೆನ್ನಾಗಿ ತೊಳೆದಿಟ್ಟಿದ್ದರು. ಎಲ್ಲಾ ಪಾಂಟಿಯಾಕ್‌ಗೂ ಆಗುತ್ತೆ ಅಂದರು ಅಂಗಡಿಯವರು. ನಾನು ದುಡ್ಡು ತೆಗೆಯುವ ಹೊತ್ತಿಗೆ ಅಪ್ಪಾಜಿ ಕವರನ್ನು ತೊಡೆ ಮೇಲೆ ಇಟ್ಟುಕೊಂಡು, ವಾಟರ್ ಪಂಪ್ ಕೂರುವ ಜಾಗದ ಸುತ್ತ ಬೆರಳಿಟ್ಟು ಎಣಿಸಿದರು. ಒಂದು, ಎರಡು, ಮೂರು. ಹನ್ನೊಂದಕ್ಕೆ ನಿಂತಿತು.

"ನಮ್ಮದು ಎಂಟಲ್ಲವೇನೋ?"

ಹೌದು, ಎಂಟು. ಪಾಂಟಿಯಾಕ್‌ನಲ್ಲಿ 1968ರವರೆಗೆ ಎಂಟು ಬೋಲ್ಟಿನ ಪಂಪು, 1969ರಿಂದ ಹನ್ನೊಂದು. ನನಗೆ ಗೊತ್ತಿದ್ದ ವಿಷಯವೇ. ಹೊಳಪು ನೋಡಿ ಎಣಿಸೋದು ಬಿಟ್ಟಿದ್ದೆ. ಈ ಎಂಜಿನ್ನುಗಳ ಕಷ್ಟವೇ ಇದು. 326, 389, 400, 455 ಎಲ್ಲವೂ ಹೊರಗಿನಿಂದ ಒಂದೇ ಗಾತ್ರ, ಒಂದೇ ಆಕಾರ. ಹನ್ನೊಂದು ಬೋಲ್ಟಿನ ಕವರನ್ನು ಅದರದೇ ಪಂಪಿನ ಜೊತೆ ನಮ್ಮ ಬ್ಲಾಕಿಗೆ ಕೂರಿಸಲೂಬಹುದು. ಓಡುತ್ತೆ. ಆದರೆ ಅದು 1967ರ ಕಾರಿನ ಮುಖ ಆಗಲ್ಲ.

ಅವತ್ತು ಬರಿಗೈಯಲ್ಲೇ ಲಾಡ್ಜಿಗೆ ಬಂದೆವು.

ಮೂರನೇ ದಿನ

ಈ ದಿನದ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯಬೇಕು.

ಹೋದ ವರ್ಷ ನಾನು ಆನ್‌ಲೈನ್‌ನಲ್ಲಿ ಒಂದು ಕಾರ್ಬುರೇಟರ್ ತರಿಸಿದ್ದೆ. 1967ರ ಜಿಟಿಒದ್ದೇ ಅಂತ ಬರೆದಿದ್ದರು. ಫೋಟೋದಲ್ಲಿ ನಂಬರು ಕಾಣುತ್ತಿರಲಿಲ್ಲ, ನಾನೂ ಕೇಳಲಿಲ್ಲ. ಬಂದ ಮೇಲೆ ನೋಡಿದರೆ ಅದು ಷೆವರ್ಲೆಯದು. ವಾಪಸ್ ತಗೊಳ್ಳಲಿಲ್ಲ. ಆ ಬೇಸರದಲ್ಲೇ ನಾನು ನಂಬರು ಓದೋದನ್ನು ಕೂತು ಕಲಿತೆ.

1966ರವರೆಗೆ ಜಿಟಿಒಗೆ ಮೂರು ಕಾರ್ಬುರೇಟರಿನ ಟ್ರೈ-ಪವರ್ ಸಿಗುತ್ತಿತ್ತು. 1967ಕ್ಕೆ ಅದು ನಿಂತಿತು. ಬದಲಿಗೆ ರಾಚೆಸ್ಟರ್ ಕಂಪನಿಯ ಕ್ವಾಡ್ರಾಜೆಟ್ ಬಂತು. ಮುಂದೆ ಎರಡು ಚಿಕ್ಕ ಬಾಯಿ, ಹಿಂದೆ ಎರಡು ದೊಡ್ಡ ಬಾಯಿ. ಮೆಲ್ಲಗೆ ಹೋಗುವಾಗ ಚಿಕ್ಕವು ಮಾತ್ರ ಕೆಲಸ ಮಾಡುತ್ತವೆ. ಕಾಲು ಒತ್ತಿದರೆ ಹಿಂದಿನವು ತೆರೆದುಕೊಳ್ಳುತ್ತವೆ, ಆಗ ಅದು ಉಸಿರೆಳೆಯುವ ಸದ್ದೇ ಬೇರೆ. ಇದನ್ನು ಹಲವಾರು ಬ್ರಾಂಡಿನ ಕಾರುಗಳಿಗೆ ಲಕ್ಷಗಟ್ಟಲೆ ಮಾಡಿದ್ದಾರೆ. ನೋಡೋಕೆ ಎಲ್ಲಾ ಹೆಚ್ಚುಕಮ್ಮಿ ಒಂದೇ. ನಂಬರು ಮಾತ್ರ ಬೇರೆ.

ನಮ್ಮ ಕಾರಿಗೆ ಬೇಕಾದದ್ದು 7027263. ನಾಲ್ಕನೇ ಅಂಕಿ 7 ಅಂದರೆ 1967. ಆರನೇ ಅಂಕಿ 6 ಅಂದರೆ ಪಾಂಟಿಯಾಕ್. ಷೆವರ್ಲೆಗೆ ಅಲ್ಲಿ 0 ಅಥವಾ 1 ಇರುತ್ತದೆ. ಕೊನೆಯದು ಬೆಸ ಸಂಖ್ಯೆ ಆದರೆ ಮ್ಯಾನ್ಯುಯಲ್ ಗೇರು, ಸಮ ಸಂಖ್ಯೆ ಆದರೆ ಆಟೋಮ್ಯಾಟಿಕ್. 7027262 ಸಿಕ್ಕರೆ ಅದು ಪಕ್ಕದ ಮನೆಯ ಹುಡುಗ, ನಮ್ಮವನಲ್ಲ.

ಬೆಳಗ್ಗೆ ತುಂತುರು ಮಳೆ. ಅರ್ಧ ಜನ ಟಾರ್ಪಾಲು ಮುಚ್ಚಿಕೊಂಡು ಕೂತಿದ್ದರು. ಒಂದು ಮೂಲೆಯಲ್ಲಿ ಎಪ್ಪತ್ತೈದು ದಾಟಿದ ಅಜ್ಜ ಒಬ್ಬರು, ಓಹಾಯೋದವರು, ಪಿಕಪ್ಪಿನ ಹಿಂದೆ ಎರಡು ಮೇಜು ಹಾಕಿಕೊಂಡಿದ್ದರು. ಮೇಜಿನ ಕೆಳಗೆ ಹಾಲಿನ ಕ್ರೇಟಿನಲ್ಲಿ ಆರೇಳು ಕ್ವಾಡ್ರಾಜೆಟ್. ಯಾವುದನ್ನೂ ತೊಳೆದಿಲ್ಲ. ಕಪ್ಪು ಜಿಡ್ಡು, ಮೇಲೆ ಧೂಳು.

1968ರಿಂದ ಈಚಿನ ಕ್ವಾಡ್ರಾಜೆಟ್‌ಗಳಲ್ಲಿ ನಂಬರನ್ನು ಮೈಮೇಲೇ ಒತ್ತಿರುತ್ತಾರೆ. ಅದಕ್ಕಿಂತ ಹಿಂದಿನವುಗಳಲ್ಲಿ ಡ್ರೈವರ್ ಕಡೆಯ ಪಕ್ಕೆಯಲ್ಲಿ ಒಂದು ದುಂಡನೆಯ ಸಣ್ಣ ಬಿಲ್ಲೆ ಒತ್ತಿ ಕೂರಿಸಿರುತ್ತಾರೆ. ನಂಬರು ಅದರ ಮೇಲೆ. ಅಪ್ಪಾಜಿ ಕ್ರೇಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ತಿರುಗಿಸಿದರು. ಐದನೆಯದರಲ್ಲಿ ಬಿಲ್ಲೆ ಇತ್ತು. ಬ್ರಶ್ಶು ತೆಗೆದು ಮೆಲ್ಲಗೆ ಉಜ್ಜಿದರು. ಉಗುರಿನಿಂದ ಜಿಡ್ಡು ಕೆರೆದರು. ಟಾರ್ಚನ್ನು ಎದುರಿಗೆ ಹಿಡಿಯಲಿಲ್ಲ, ಪಕ್ಕದಿಂದ ಓರೆಯಾಗಿ ಹಿಡಿದರು. ಹಾಗೆ ಹಿಡಿದರೆ ಅಂಕಿಗಳ ನೆರಳು ಬೀಳುತ್ತದೆ. ಭೂತಗನ್ನಡಿಯಲ್ಲಿ ಒಂದೊಂದೇ ಓದಿದರು. ಏಳು. ಸೊನ್ನೆ. ಎರಡು. ಏಳು. ಎರಡು. ಆರು.

ಕೊನೆಯದು ಮೂರೋ ಎಂಟೋ ಗೊತ್ತಾಗಲಿಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅಪ್ಪಾಜಿ ಬಾಯಿಂದ ಊದಿ, ಮತ್ತೆ ಉಜ್ಜಿ, ಗಾಜನ್ನು ನನ್ನ ಕೈಗೆ ಕೊಟ್ಟರು. "ನೀನೇ ಓದು. ನಿನ್ನ ಕಾರು."

ಮೂರು.

ಅಷ್ಟಕ್ಕೇ ಮುಗಿಯಲಿಲ್ಲ. ಅಪ್ಪಾಜಿ ಮೇಲಿನ ಸ್ಕ್ರೂಗಳನ್ನು ನೋಡಿದರು. "ತಲೆ ಸವೆದಿಲ್ಲ ನೋಡು. ಜಾಸ್ತಿ ಜನ ಬಿಚ್ಚಿಲ್ಲ ಇದನ್ನ." ಆಮೇಲೆ ಥ್ರಾಟಲ್ ಶಾಫ್ಟಿನ ತುದಿಯನ್ನು ಹೆಬ್ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರು. ಆಟ ಇತ್ತು. ಅಲ್ಲಿ ಶಾಫ್ಟು ಸಡಿಲವಾದರೆ ಗಾಳಿ ಒಳಗೆ ಹೋಗುತ್ತದೆ, ಕಾರು ನಿಂತಾಗ ಎಂಜಿನ್ ಒಂದೇ ಸಮ ಓಡಲ್ಲ.

ಆ ಅಜ್ಜ ಎದ್ದು ಬಂದರು. ಅಪ್ಪಾಜಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ಅಪ್ಪಾಜಿ ಹೆಬ್ಬೆರಳು, ತೋರುಬೆರಳಿನ ಮಧ್ಯೆ ಕೂದಲೆಳೆಯಷ್ಟು ಜಾಗ ಬಿಟ್ಟು ತೋರಿಸಿದರು, ಇಷ್ಟು ಆಟ ಇದೆ ಅಂತ. ಅಜ್ಜ ತಾವೂ ಶಾಫ್ಟು ಆಡಿಸಿ ನೋಡಿದರು. ತಲೆಯಾಡಿಸಿದರು. ಅವರೂ ಎರಡು ಬೆರಳು ಎತ್ತಿ, ಅಪ್ಪಾಜಿ ತೋರಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಬಿಟ್ಟು ತೋರಿಸಿದರು. ಮಾರುವವರೇ ಹಾಗೆ ತೋರಿಸಿದ್ದು ನೋಡಿ ಅಪ್ಪಾಜಿ ಅವರ ಭುಜದ ಮೇಲೆ ಕೈಯಿಟ್ಟರು.

"ಲೇತಿನಲ್ಲಿ ಬುಷ್ ಹೊಡೆಸಿದರೆ ಸರಿ ಹೋಗುತ್ತೆ ಅಂತ ಹೇಳು ಅವರಿಗೆ" ಅಂದರು. ಹೇಳಿದೆ. ಬುಷ್ ಅಂದರೆ ಸವೆದ ತೂತಿನೊಳಗೆ ಕೂರಿಸುವ ಉಂಗುರ. ಹಿತ್ತಾಳೆಯದ್ದೇ ಹಾಕಿಸಿ ಅಂದರು ಅವರು. 650 ಡಾಲರ್ ಹೇಳಿದ್ದು 475ಕ್ಕೆ ಬಂತು. ಕೊಡುವ ಮುಂಚೆ ಹಳೇ ಟವಲ್ಲಿನಲ್ಲಿ ತಾವೇ ಸುತ್ತಿಕೊಟ್ಟರು.

ಟೈಮಿಂಗ್ ಕವರೂ ಅವರ ಹತ್ತಿರವೇ ಸಿಕ್ಕಿತು ಅಂದರೆ ನಂಬಬೇಕು. ಎಂಟು ಬೋಲ್ಟಿನದು, ಪಿಕಪ್ಪಿನ ಒಳಗಿತ್ತು. ಅಪ್ಪಾಜಿ ನೀರಿನ ದಾರಿಯ ಸುತ್ತ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿದರು. ಮೇಲ್ಮೈ ಒರಟಾಗಿತ್ತು, ಆದರೆ ಎಲ್ಲೂ ಮೆತ್ತಗಿರಲಿಲ್ಲ. 80 ಡಾಲರ್. ಚೌಕಾಸಿ ಮಾಡೋಕೆ ಮನಸ್ಸು ಬರಲಿಲ್ಲ.

ಅದಕ್ಕೆ ಹೊಸ ಟೈಮಿಂಗ್ ಗೇರು ಮಾತ್ರ ಪಾಂಟಿಯಾಕ್ ಪಾರ್ಟ್ ಮಾರುವ ಏಮ್ಸ್ ಕಂಪನಿಯ ಕ್ಯಾಟಲಾಗಿನಿಂದ ತರಿಸುತ್ತೇನೆ. ಅಸಲಿ ಗೇರಿನ ಹಲ್ಲುಗಳು ನೈಲಾನಿನವು. ವಯಸ್ಸಾದ ಮೇಲೆ ಮುರಿದು ಆಯಿಲ್ ಪ್ಯಾನಿಗೆ ಬೀಳುತ್ತವೆ, ಅಲ್ಲಿಂದ ಪಂಪಿನ ಜಾಲರಿ ಕಟ್ಟಿಕೊಳ್ಳುತ್ತದೆ. ಅಲ್ಲಿ ಅಸಲಿ ಬೇಕು ಅಂತ ಹಟ ಹಿಡಿದರೆ ಎಂಜಿನ್ನಿಗೇ ಕೇಡು. ಕಣ್ಣಿಗೆ ಕಾಣುವಲ್ಲಿ ಹಳೆಯದು, ಒಳಗೆ ತಿರುಗುವಲ್ಲಿ ಗಟ್ಟಿಯಾದದ್ದು. ಇದು ನನ್ನ ಲೆಕ್ಕ.

ನಾಲ್ಕನೇ, ಐದನೇ ದಿನ

ಮೆಕ್ಯಾನಿಕ್ಸ್‌ಬರ್ಗ್‌ನಲ್ಲಿ ಗೆಳೆಯನ ಮನೆ. ಕಾರ್ಲೈಲ್‌ಗೂ ಹರ್ಷಿಗೂ ಮಧ್ಯೆ ಇರುವ ಊರು. ಹಿಂದೆ ಸರಕು ಸಾಗಿಸುವ ಕನೆಸ್ಟೋಗ ಬಂಡಿಗಳನ್ನು ರಿಪೇರಿ ಮಾಡುವವರು ಇಲ್ಲಿ ನೆಲೆಸಿದ್ದರಿಂದ ಆ ಹೆಸರು ಬಂತು. ಊರ ಬೋರ್ಡಿನ ಹತ್ತಿರ ಗಾಡಿ ನಿಲ್ಲಿಸಿ ಅಪ್ಪಾಜಿ ಫೋಟೋ ತೆಗೆಸಿಕೊಂಡರು. ಉಳಿದ ಹೊತ್ತು ನಿದ್ದೆ, ಊಟ, ಅವಲಕ್ಕಿ, ಮಾತು.

ಆರನೇ ದಿನ

ಹರ್ಷಿ ಚಾಕಲೇಟಿನ ಊರು. ಚಾಕಲೇಟ್ ಅವೆನ್ಯೂ ಅಂತಲೇ ಒಂದು ರಸ್ತೆ ಇದೆ, ಅಲ್ಲಿನ ಬೀದಿ ದೀಪಗಳೂ ಹರ್ಷಿ ಕಿಸ್ ಚಾಕಲೇಟಿನ ಆಕಾರದಲ್ಲಿವೆ. 1950ರ ದಶಕದಿಂದ ಪ್ರತಿ ಅಕ್ಟೋಬರಿನಲ್ಲಿ ಇಲ್ಲಿ ಹಳೇ ಕಾರುಗಳ ಮೇಳ. ನಡೆಸೋದು 1935ರಲ್ಲಿ ಶುರುವಾದ ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ. ಪಾರ್ಟ್ ಮಾರುವವರಿಗೆ ಸುಮಾರು 9,000 ಜಾಗ. ಮೈದಾನಗಳಿಗೂ ಚಾಕಲೇಟ್, ಕೆಂಪು, ಹಸಿರು, ಕಿತ್ತಳೆ ಅಂತ ಹೆಸರು. ಹಿಂದೆಲ್ಲ ಮಳೆ ಬಂದರೆ ಮೊಣಕಾಲುದ್ದ ಕೆಸರಂತೆ, ಈಗ ಬಹಳ ಕಡೆ ಡಾಂಬರು ಇದೆ.

ಇಲ್ಲಿ ಬಂದದ್ದು ಆಲ್ಟರ್ನೇಟರಿಗಾಗಿ. ಅದಕ್ಕೆ ತಾರೀಕು ಬೇಕು. ನಮ್ಮ ಕಾರಿನ ಬಾಡಿ ಪ್ಲೇಟಿನಲ್ಲಿ 03ಸಿ ಅಂತ ಇದೆ. ಮಾರ್ಚ್ ತಿಂಗಳು, ಮೂರನೇ ವಾರ. ಅಂದರೆ ಕಾರಿನ ಮೇಲಿರುವ ಯಾವ ಪಾರ್ಟೂ ಅದಕ್ಕಿಂತ ಆಮೇಲೆ ಹುಟ್ಟಿರಬಾರದು. ಬ್ಲಾಕಿನ ಮೇಲೆ ತಿಂಗಳ ಅಕ್ಷರ ಮೊದಲು, ಆಮೇಲೆ ದಿನ, ಕೊನೆಗೆ ವರ್ಷ: ಬಿ 10 7, ಅಂದರೆ 1967ರ ಫೆಬ್ರವರಿ 10. ಡೆಲ್ಕೊ ಕಂಪನಿಯ ಆಲ್ಟರ್ನೇಟರಿನಲ್ಲಿ ತಿರುಗುಮುರುಗು. ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಒಂದೇ ಕಾರಿನಲ್ಲಿ ಎರಡು ಥರದ ಪಂಚಾಂಗ.

ಮೂರು ಮೈದಾನ ಸುತ್ತಿದ ಮೇಲೆ ಒಂದು ಸಿಕ್ಕಿತು. ಪುಲ್ಲಿ ಸರಿ, ಫ್ಯಾನ್ ಸರಿ. ತಾರೀಕು 7 ಡಿ 03. ಏಪ್ರಿಲ್ 3. ನಮ್ಮ ಕಾರು ಹುಟ್ಟಿ ಎರಡು ವಾರ ಆದ ಮೇಲಿನದು.

"ಯಾರು ಕೆಳಗೆ ಬಗ್ಗಿ ನೋಡ್ತಾರೋ?" ಅಂದರು ಅಪ್ಪಾಜಿ.

"ನಾವು ನೋಡಿದ್ದೀವಲ್ಲ ಅಪ್ಪಾಜಿ."

ಅವರು ಸ್ವಲ್ಪ ಹೊತ್ತು ಅದನ್ನು ಕೈಯಲ್ಲೇ ಹಿಡಿದಿದ್ದರು. ಆಮೇಲೆ ಇದ್ದ ಜಾಗದಲ್ಲೇ ಇಟ್ಟು, ಅದರ ಮೇಲಿನ ಬಟ್ಟೆ ಮುಚ್ಚಿದರು.

ಹೋಗುವಾಗ ಕೆಂಪು ಮೈದಾನದ ತುದಿಯಲ್ಲಿ ಕೆನಡಾದ ಆಂಟೇರಿಯೊದಿಂದ ಬಂದ ಒಬ್ಬರ ಅಂಗಡಿ. ಅಪ್ಪಾಜಿ ನಡೆಯುತ್ತಿದ್ದವರು ಗಕ್ಕನೆ ನಿಂತರು. ಮೇಜಿನ ಮೇಲೆ ಒಂದು ಉದ್ದದ ಬಾನೆಟ್ ಪಟ್ಟಿ. ಕ್ರೋಮ್ ಹೋಗಿದೆ. ಅಕ್ಷರ ಮಾತ್ರ ಉಬ್ಬಿಕೊಂಡಿವೆ. ಫಾರ್ಗೋ.

ಫಾರ್ಗೋ ಅಂದರೆ ಕ್ರೈಸ್ಲರ್ ಕಂಪನಿಯ ಲಾರಿ. ಅಮೆರಿಕದಲ್ಲಿ ಈ ಹೆಸರು ಜಾಸ್ತಿ ನಡೆಯಲಿಲ್ಲ, ಕೆನಡಾದಲ್ಲಿ ನಡೆಯಿತು. ನಮ್ಮಲ್ಲೂ ನಡೆಯಿತು. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಡಾಡ್ಜ್, ಫಾರ್ಗೋ ಲಾರಿಗಳನ್ನು ಮಾಡುತ್ತಿದ್ದರು. 1965ರಲ್ಲಿ, ಹದಿನಾಲ್ಕು ವರ್ಷದ ಹುಡುಗ, ನಮ್ಮ ಅಪ್ಪಾಜಿ ಮೊದಲ ಸಲ ಸ್ಪ್ಯಾನರ್ ಹಿಡಿದದ್ದು ಒಂದು ಫಾರ್ಗೋ ಲಾರಿಯ ಕೆಳಗೆ. ಅವರ ಉಸ್ತಾದರು ಮೊದಲ ಆರು ತಿಂಗಳು ಬೋಲ್ಟು ತೊಳೆಯೋಕೆ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲವಂತೆ. ಇದನ್ನೆಲ್ಲ ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಆ ಅಕ್ಷರಗಳ ಮೇಲೆ ಅವರು ಬೆರಳಾಡಿಸಿದ್ದನ್ನು ನೋಡಿದ್ದು ಇವತ್ತೇ.

"ಎಷ್ಟಂತೆ ಕೇಳು."

ನಲವತ್ತು ಡಾಲರ್. ಅಪ್ಪಾಜಿ ತಮ್ಮ ಜೇಬಿನಿಂದಲೇ ಕೊಟ್ಟರು, ನನಗೆ ಕೊಡೋಕೆ ಬಿಡಲಿಲ್ಲ. ದಾವಣಗೆರೆಗೆ ಒಯ್ಯುತ್ತಾರಂತೆ. ವ್ಯಾನಿನವರೆಗೂ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ನಡೆದರು.

ಏಳನೇ ದಿನ

ನಸುಕಿಗೇ ಹೊರಟು, ಒಂದೇ ಸಮನೆ ಓಡಿಸಿ ಸಂಜೆ ಐದಕ್ಕೆ ಮನೆ. ಕಾಫಿ ಕುಡಿದು ನೇರ ಗ್ಯಾರೇಜಿಗೆ ಹೋದೆವು. ಅಮ್ಮ ಬೈದರು.

ಕ್ವಾಡ್ರಾಜೆಟ್‌ಗೆ ಇನ್ನೊಂದು ಹಳೇ ರೋಗ ಇದೆ. ಪೆಟ್ರೋಲು ನಿಲ್ಲುವ ಬೌಲಿನ ತಳದಲ್ಲಿ ಬಾವಿಯಂಥ ಗುಳಿಗಳು. ಅವುಗಳ ಕೆಳಬಾಯಿಗೆ ಸಣ್ಣ ಲೋಹದ ಬಿರಡೆ. ವರ್ಷ ಕಳೆದಂತೆ ಬಿರಡೆಯ ಸುತ್ತ ಜಿನುಗುತ್ತದೆ. ಕಾರು ನಿಲ್ಲಿಸಿದ ಮೇಲೆ ಪೆಟ್ರೋಲು ಮೆಲ್ಲಗೆ ಎಂಜಿನ್ ಒಳಗೆ ಇಳಿದು ಹೋಗುತ್ತದೆ. ಮಾರನೇ ದಿನ ಬೌಲು ಖಾಲಿ, ಎಷ್ಟು ಹೊಡೆದರೂ ಸ್ಟಾರ್ಟ್ ಆಗಲ್ಲ.

ಕಾರ್ಬುರೇಟರನ್ನು ಸೀಮೆಎಣ್ಣೆಯಲ್ಲಿ ತೊಳೆದೆವು. ಥ್ರಾಟಲ್ ಇರುವ ಕೆಳಭಾಗ ಬಿಚ್ಚಿ ಬೌಲನ್ನು ಬೇರೆ ಮಾಡಿದೆವು. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದು, ದಿನಸಿ ತಂದ ಕಂದು ಕಾಗದದ ಚೀಲವನ್ನು ಕತ್ತರಿಸಿ ಬೆಂಚಿನ ಮೇಲೆ ಹಾಸಿದೆವು. ಅದರ ಮೇಲೆ ಬೌಲು ಇಟ್ಟು ಪೆಟ್ರೋಲು ತುಂಬಿಸಿದರು ಅಪ್ಪಾಜಿ. ಆಮೇಲೆ ಸ್ಟೂಲು ಎಳೆದುಕೊಂಡು ಕೂತರು.

ಅರ್ಧ ಗಂಟೆಗೆ ಎತ್ತಿ ನೋಡಿದೆವು. ಕಾಗದ ಒಣಗಿಯೇ ಇತ್ತು. ಒಂದು ಗಂಟೆಗೂ ಹಾಗೇ. ಅಮ್ಮ ಊಟಕ್ಕೆ ಕರೆದರು, ಯಾರೂ ಏಳಲಿಲ್ಲ.

ಒಂದೂಮುಕ್ಕಾಲು ಗಂಟೆಗೆ ಎತ್ತಿದಾಗ, ಒಂದು ಬಿರಡೆಯ ಕೆಳಗೆ ಕಡಲೆಕಾಳಿನಷ್ಟು ಒದ್ದೆ. ಉಳಿದ ಕಡೆ ಏನೂ ಇಲ್ಲ. "ಒಂದೇ ಜಾಗ. ಇಪಾಕ್ಸಿ ಹಚ್ಚಿದ್ರೆ ಆಯ್ತು" ಅಂದರು ಅಪ್ಪಾಜಿ. ಕಿವಿಯ ಮೇಲಿನಿಂದ ಪೆನ್ಸಿಲ್ ತೆಗೆದು, ಒದ್ದೆ ಆರುವ ಮುಂಚೆ ಅದರ ಸುತ್ತ ಒಂದು ದುಂಡನೆ ಗೆರೆ ಎಳೆದರು. ಪಕ್ಕದಲ್ಲಿ ಅವತ್ತಿನ ತಾರೀಕು ಬರೆದರು. ದಿನ, ತಿಂಗಳು, ವರ್ಷ.